ಹುಳಿರಾಯರು ಸಿಂಕು ತೆರೆದ ಬಗೆ

“ಈ ಸಿಂಕಿಗೆ ಪ್ಲಂಬರ್ ಕೈ ಹಾಕಕೂಡದು! ಇದನ್ನ ನಾನೇ ಗೆಲ್ತೀನಿ!”

ಶನಿವಾರ ಬೆಳಿಗ್ಗೆ ಹುಳಿರಾಯರು ಅಡುಗೆಮನೆಯಲ್ಲಿ ನಿಂತು ಹೀಗೆ ಘೋಷಿಸಿದಾಗ ಅವರ ಒಂದು ಕೈ ಸೊಂಟದ ಮೇಲಿತ್ತು, ಇನ್ನೊಂದು ಹೊಗೆ ಹೊರಹಾಕುವ ಫ್ಯಾನಿನ ಕಡೆಗೆ ಚಾಚಿಕೊಂಡಿತ್ತು. ಸೇನಾಪತಿಗಳ ಎದುರಿಗೆ ಶತ್ರುಸೈನ್ಯವಿರುತ್ತದೆ. ರಾಯರ ಎದುರಿಗಿದ್ದದ್ದು ಕಂಠದವರೆಗೆ ತುಂಬಿ ನಿಂತ ಸಿಂಕು, ಮತ್ತು ಅದರಲ್ಲಿ ನಿಶ್ಚಿಂತೆಯಿಂದ ತೇಲುತ್ತಿದ್ದ ಒಂದು ಬಾಟಲಿ ಮುಚ್ಚಳ.

“ಗೆಲ್ಲಿ,” ಎಂದರು ಹೆಂಡತಿ. “ಗೆದ್ದ ಮೇಲೆ ಹೇಳಿ. ಅಲ್ಲೀತನಕ ಪಾತ್ರೆ ಎಲ್ಲಿ ತೊಳೀಲಿ? ನಿಮ್ಮ ತಲೆ ಮೇಲಾ?”

ಹುಳಿರಾಯರೆಂಬುದು ತಂದೆತಾಯಿ ಇಟ್ಟ ಹೆಸರಲ್ಲ. ವಿನೆಗರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ತಲೆ ಬೆಳ್ಳಗಾಗುವ ತನಕ ದುಡಿದು, ಅದರ ಮುಖ್ಯಸ್ಥರಾಗಿ ನಿವೃತ್ತರಾದವರು ಅವರು. ಬೀಳ್ಕೊಡುವಾಗ ಸಹೋದ್ಯೋಗಿಗಳು ಒಂದು ಗೋಡೆ ಗಡಿಯಾರ ಕೊಟ್ಟರು. ಈ ಹೆಸರನ್ನು ಅದಕ್ಕೆ ಬಹಳ ಮುಂಚೆಯೇ ಕೊಟ್ಟಿದ್ದರು. ಗಡಿಯಾರ ನಿಂತುಹೋಯಿತು, ಹೆಸರು ಇನ್ನೂ ನಡೆಯುತ್ತಿದೆ. ಲೋಕದ ಸಕಲ ಕೊಳೆ, ಕಲೆ, ಕಿಲುಬುಗಳಿಗೂ ಆಮ್ಲವೊಂದೇ ಮದ್ದೆಂಬುದು ರಾಯರ ಸಿದ್ಧಾಂತ.

ಹೆಂಡತಿಯ ಸಿದ್ಧಾಂತ ಬೇರೆ. ಆಕೆ ಸಾಬೂನು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅಷ್ಟೇ ಕಾಲ, ಅಷ್ಟೇ ಗತ್ತಿನಿಂದ ದುಡಿದವರು. ಅಲ್ಲಿ ಅವರಿಗೆ ಸೋಡಾ ಮೇಡಂ ಎಂದೇ ಹೆಸರು. ಸಾಬೂನು ಹುಟ್ಟುವುದು ಕ್ಷಾರದಿಂದ. ಆದ್ದರಿಂದ ನಾಗರಿಕತೆ ಹುಟ್ಟಿದ್ದೂ ಕ್ಷಾರದಿಂದಲೇ ಎಂದು ಆಕೆಯ ವಾದ. ಎರಡು ಕಾರ್ಖಾನೆಗಳ ಕೊಳಚೆಯೂ ಒಂದೇ ಕಾಲುವೆಗೆ ಬೀಳುತ್ತಿತ್ತು. ನೀರಿನ ಮಾದರಿ ತೆಗೆಯಲು ದಡದ ಮೇಲೆ ಬಂದು ನಿಂತಾಗ ಇಬ್ಬರಿಗೂ ಪರಿಚಯವಾಯಿತು. ಅವರ ಹುಳಿ, ಇವರ ಸೋಡಾ ಕಾಲುವೆಯಲ್ಲೇ ಬೆರೆತು ನೀರು ಎಷ್ಟು ಸಾಧುವಾಗಿತ್ತೆಂದರೆ, ದಂಡ ಹಾಕಲು ಬಂದಿದ್ದ ಅಧಿಕಾರಿ ಬರಿಗೈಯಲ್ಲಿ ಹಿಂದಿರುಗಿದ. ಆ ಸಂತೋಷದಲ್ಲಿ ಮದುವೆಯಾದರು. ಸಂತೋಷದಲ್ಲಿ ಮಾಡುವ ಕೆಲಸಗಳನ್ನು ಸ್ವಲ್ಪ ತಡೆದು ಮಾಡಬೇಕು.

ಪ್ಲಂಬರ್ ಬೇಡವೆನ್ನಲು ಬರೀ ಜಂಬ ಕಾರಣವಾಗಿರಲಿಲ್ಲ. ಇದು ಬಾಡಿಗೆ ಮನೆ. ಮನೆಯೊಡತಿ ಕೆಳಗಿನ ಮಹಡಿಯಲ್ಲೇ ಇದ್ದರು. ಮಹಿಳಾ ಬಂದೀಖಾನೆಯ ಮೇಲ್ವಿಚಾರಕಿಯಾಗಿದ್ದ ಆಕೆ ಹುದ್ದೆಯಿಂದ ನಿವೃತ್ತರಾಗಿದ್ದರೇ ಹೊರತು ತಪಾಸಣೆಯಿಂದಲ್ಲ. ಕರಾರು ಮುಗಿದು ಹೊಸದಕ್ಕೆ ಸಹಿ ಹಾಕುವ ದಿನ ಖುದ್ದಾಗಿ ಬರುತ್ತಿದ್ದರು. ಪ್ರತಿ ತೂಬಿಗೂ ಒಂದೊಂದು ಬಕೆಟ್ ನೀರು ಸುರಿದು, ತಲೆ ಓರೆ ಮಾಡಿ, ನೀರು ಇಳಿಯುವ ಸದ್ದನ್ನು ಸಂಗೀತ ವಿಮರ್ಶಕರ ಹಾಗೆ ಆಲಿಸುತ್ತಿದ್ದರು. ಸದ್ದು ಹಿಡಿಸಿದರೆ ಸಹಿ, ಹಿಡಿಸದಿದ್ದರೆ ಗಂಟುಮೂಟೆ! ಹಿಂದೆ ಈ ಮನೆಯಲ್ಲಿದ್ದ ಹಲ್ಲಿನ ಡಾಕ್ಟರು ಬಚ್ಚಲಿನಲ್ಲಿ ನೀರು ನಿಂತ ಕಾರಣಕ್ಕೇ ಖಾಲಿ ಮಾಡಬೇಕಾಯಿತು. ಊರಿನ ಹಲ್ಲನ್ನೆಲ್ಲ ಕಿತ್ತವರನ್ನು ಆಕೆ ಬೇರುಸಮೇತ ಕಿತ್ತು ಬೀದಿಗಿಟ್ಟರು.

ರಾಯರ ಕರಾರಿನ ಸಹಿ ನಾಳೆ, ಭಾನುವಾರ. ಬೀದಿಗೆಲ್ಲ ಇದ್ದ ಒಬ್ಬನೇ ಪ್ಲಂಬರ್ ಮನೆಯೊಡತಿಯ ಅಕ್ಕನ ಮಗ. ಅವನು ಪೈಪಿನೊಳಗೆ ಕಂಡದ್ದು ಸಂಜೆಯೊಳಗೆ ಚಿಕ್ಕಮ್ಮನ ಕಿವಿಗೆ ಬೀಳುತ್ತಿತ್ತು.

ಮನೆ ಹೋದರೆ ಇನ್ನೊಂದು ಸಿಕ್ಕೀತು. ಆದರೆ ಬಾಲ್ಕನಿಯ ಪಕ್ಕದ ಆ ಪುಟ್ಟ ಕೋಣೆ ಸಿಕ್ಕುವುದಿಲ್ಲ! ಅಲ್ಲಿ ನಲ್ಲಿಯಿತ್ತು, ಕಲ್ಲಿನ ಮೇಜಿತ್ತು, ಎಲ್ಲಕ್ಕಿಂತ ಮಿಗಿಲಾಗಿ ಒಳಗಿನಿಂದ ಹಾಕಿಕೊಳ್ಳುವ ಚಿಲಕವಿತ್ತು. ತಮ್ಮ ಗಾಜಿನ ಬುಡ್ಡಿಗಳನ್ನೂ ಅಳತೆಯ ನಳಿಗೆಗಳನ್ನೂ ಜೋಡಿಸಿಟ್ಟುಕೊಂಡು ರಾಯರು ಅಲ್ಲಿ ದಿನವಿಡೀ ಏನನ್ನೋ ಏನಕ್ಕೋ ಬೆರೆಸುತ್ತ ಕೂರುತ್ತಿದ್ದರು. ಇಡೀ ಜಗತ್ತಿನಲ್ಲಿ ಅವರನ್ನು ಇಂದಿಗೂ ಮುಖ್ಯಸ್ಥರೆಂದು ಒಪ್ಪಿಕೊಂಡಿದ್ದ ಏಕೈಕ ಸ್ಥಳ ಅದು. ಅದನ್ನು ಒಂದು ಸಿಂಕಿನ ದೆಸೆಯಿಂದ ಕಳೆದುಕೊಳ್ಳುವುದೇ?

“ಇದು ಸುಣ್ಣ,” ಎಂದರು ರಾಯರು, ಸಿಂಕಿನೊಳಗೆ ಇಣುಕಿ. “ನಮ್ಮದು ಗಡಸು ನೀರು. ಪೈಪಿನ ತುಂಬ ಸುಣ್ಣ ಕಟ್ಟಿದೆ. ಸುಣ್ಣಕ್ಕೆ ಆಮ್ಲ. ನನ್ನ ವಿನೆಗರ್!”

“ಸುಣ್ಣವೂ ಇಲ್ಲ, ಮಣ್ಣೂ ಇಲ್ಲ. ಇದು ಜಿಡ್ಡು. ಜಿಡ್ಡಿಗೆ ಕ್ಷಾರ. ನನ್ನ ವಾಷಿಂಗ್ ಸೋಡಾ!”

“ಜಿಡ್ಡು ಇರೋದು ನಿನ್ನ ತಲೇಲಿ.”

“ಸುಣ್ಣ ನಿಮ್ಮ ತಲೇಲಿ. ಆಗ್ಲೇ ಮೇಲೆಲ್ಲ ಬಳ್ಕೊಂಡೂ ಆಗಿದೆ.”

ಬೆಳ್ಳಗಿನ ಕೂದಲನ್ನು ಸವರಿಕೊಳ್ಳುತ್ತ ರಾಯರು ತಕ್ಕ ಉತ್ತರ ಹುಡುಕುವಷ್ಟರಲ್ಲಿ ಮಗಳು ಚೀಲ ಹೆಗಲಿಗೇರಿಸಿಕೊಂಡು ಬಂದಳು. ಕಾನೂನು ಓದುತ್ತಿದ್ದ ಹುಡುಗಿ. ಮನೆಯಲ್ಲಿ ಅಭ್ಯಾಸಕ್ಕೆ ಕೊರತೆಯಿರಲಿಲ್ಲ.

“ವಾದಿ, ಪ್ರತಿವಾದಿ ಇಬ್ಬರೂ ಸ್ವಲ್ಪ ಮೆತ್ತಗೆ. ಕೆಳಗೆ ಕೇಳ್ಸುತ್ತೆ. ಇವತ್ತಿಡೀ ಅಪ್ಪನ ಸರದಿ. ನಾಳೆ ಬೆಳಿಗ್ಗೆ ಹೊತ್ತಿಗೂ ನೀರು ಇಳೀದಿದ್ರೆ ಅಮ್ಮನ ಸರದಿ. ಒಬ್ಬರ ಸರದೀಲಿ ಇನ್ನೊಬ್ಬರು ಮೂಗು ತೂರಿಸ್ಬಾರ್ದು. ಒಪ್ಪಿಗೇನಾ?”

“ಒಪ್ಪಿಗೆ,” ಎಂದರು ಇಬ್ಬರೂ, ಮುರಿಯುವುದಕ್ಕೆಂದೇ ಒಪ್ಪುವವರ ಉತ್ಸಾಹದಿಂದ. ಮಗಳು ಗ್ರಂಥಾಲಯಕ್ಕೆ ಹೋದಳು.

ರಾಯರು ಸಿಂಕಿನಿಂದ ಅರ್ಧ ನೀರು ಬಕೆಟ್ಟಿಗೆ ಮೊಗೆದು ಜಾಗ ಮಾಡಿ, ಮನೆಯಲ್ಲಿದ್ದ ವಿನೆಗರ್ ಬಾಟಲಿಗಳನ್ನೆಲ್ಲ ತಂದು ಸಾಲಾಗಿ ನಿಲ್ಲಿಸಿದರು. ಎಷ್ಟು ಸುಣ್ಣಕ್ಕೆ ಎಷ್ಟು ಹುಳಿ ಎಂದು ಗೋಡೆಯ ಮೇಲೆ ಪೆನ್ಸಿಲಿನಿಂದ ಲೆಕ್ಕ ಹಾಕಿ, ಹೆಂಡತಿ ಕೆಮ್ಮಿದ ಮೇಲೆ ಅದನ್ನು ತೋಳಿನಿಂದ ಒರೆಸಿ, ನಳಿಗೆಯಲ್ಲಿ ಅಳೆದು ಅಳೆದು ಸುರಿದರು. ಜೇಬಿನಿಂದ ನೀಲಿ ಲಿಟ್ಮಸ್ ಕಾಗದದ ಚೂರು ತೆಗೆದು ಅದ್ದಿದರು. ಆಮ್ಲ ತಾಕಿದರೆ ಕೆಂಪಾಗುವ ಕಾಗದ ಅದು. ಕೆಂಪಾಯಿತು!

“ನೋಡು! ಇನ್ನು ಅದರ ಪಾಡಿಗೆ ಅದು ಕೆಲಸ ಮಾಡುತ್ತೆ. ಯಾರೂ ಮುಟ್ಟಬೇಡಿ.”

“ನಾನ್ಯಾಕೆ ಮುಟ್ಲಿ? ನಂಗೆ ಬಟ್ಟೆ ಒಗೆಯೋದಿದೆ,” ಎಂದು ಹೆಂಡತಿ ಬಚ್ಚಲಿಗೆ ಹೋದರು.

ಆಕೆ ಅಲ್ಲಿ ಮಾಡಿದ್ದು ರಾಯರಿಗೆ ತಿಳಿಯಲಿಲ್ಲ, ಓದುವವರಿಗೆ ತಿಳಿಸಿಬಿಡುವುದೇ ನ್ಯಾಯ. ಇಬ್ಬರಿಗೂ ಗೊತ್ತಿದ್ದಂತೆ ಸಿಂಕಿನ ಪೈಪೂ ಬಚ್ಚಲಿನ ಪೈಪೂ ಗೋಡೆಯೊಳಗೆ ಒಂದಾಗಿ, ಆಮೇಲೆ ಕೆಳಗಿನ ಅಂಗಳದ ಗುಂಡಿಗೆ ಇಳಿಯುತ್ತಿದ್ದವು. ಪೈಪು ಕಟ್ಟಿಕೊಂಡದ್ದು ಆ ಕೂಡುವ ಜಾಗದಿಂದ ಕೆಳಗೆ. ಸೋಡಾ ಮೇಡಂ ಒಂದು ಬಟ್ಟೆಯನ್ನೂ ನೆನೆಸಲಿಲ್ಲ. ಬಿಸಿನೀರಿಗೆ ವಾಷಿಂಗ್ ಸೋಡಾ ಅಳೆದು ಹಾಕಿ, ಮೇಲೆ ಒಂದಿಷ್ಟು ಸಾಬೂನಿನ ಪುಡಿ ಉದುರಿಸಿ, ಸದ್ದಿಲ್ಲದೆ ಬಚ್ಚಲಿನ ತೂಬಿಗೆ ಸುರಿದರು. ಮೋಸವೆಂದು ಅವರಿಗೆ ಅನ್ನಿಸಲೇ ಇಲ್ಲ. ಗಂಡ ದಡ್ಡನಾದನೆಂದು ಮನೆ ಕಳೆದುಕೊಳ್ಳಲಾದೀತೇ?

ಆಮ್ಲವೂ ಕ್ಷಾರವೂ ಕೂಡಿದರೆ ಏನಾಗುತ್ತದೆಂದು ಶಾಲೆಯಲ್ಲಿ ಕಲಿಸುತ್ತಾರೆ. ಇಬ್ಬರು ಜಟ್ಟಿಗಳು ಅಖಾಡಕ್ಕೆ ಇಳಿಯುತ್ತಾರೆ, ಧೂಳೇಳುತ್ತದೆ. ಧೂಳು ಕುಳಿತ ಮೇಲೆ ನೋಡಿದರೆ ಅಲ್ಲಿ ಇಬ್ಬರು ಗುಮಾಸ್ತರು ಎದುರುಬದುರು ಕುಳಿತಿರುತ್ತಾರೆ. ಒಬ್ಬನ ಹೆಸರು ಲವಣ, ಇನ್ನೊಬ್ಬನದು ನೀರು. ಆಮ್ಲದ ಕಚ್ಚುವ ಗುಣವೂ ಇಲ್ಲ, ಕ್ಷಾರದ ಜಿಡ್ಡು ತಿನ್ನುವ ಗುಣವೂ ಇಲ್ಲ. ವಾಷಿಂಗ್ ಸೋಡಾ ಆದರೆ ಗುಳುಗುಳು ಎಂದು ಒಂದಿಷ್ಟು ಅನಿಲವೂ ಏಳುತ್ತದೆ. ಇದು ಆ ಮನೆಯ ಇಬ್ಬರಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಗೊತ್ತಿದ್ದ ವಿಷಯ. ಎಚ್ಚರವಿದ್ದಾಗ ಯಾರೂ ಕೇಳಲಿಲ್ಲ.

ಸಿಂಕಿನಿಂದ ಗುಳುಗುಳು ಸದ್ದು ಕೇಳಿ ರಾಯರು ಕೋಣೆಯಿಂದ ಓಡಿಬಂದರು. ಗುಳ್ಳೆಗಳು! ನೀರಿನ ತುಂಬ ಗುಳ್ಳೆಗಳು!

“ಲೇ, ಬಾರೇ ಇಲ್ಲಿ! ಸುಣ್ಣ ಕರಗ್ತಿದೆ! ಸುಣ್ಣಕ್ಕೆ ಆಮ್ಲ ಬಿದ್ರೆ ಹೀಗೇ ಗುಳ್ಳೆ ಬರೋದು!”

ಹೆಂಡತಿ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ನೋಡಿದರು. ಅವರ ಕಣ್ಣಿಗೆ ಕಂಡದ್ದೇ ಬೇರೆ: ಜಿಡ್ಡಿನ ಗೋಡೆ ಸಡಿಲಿ, ಅದರ ಹಿಂದೆ ಸಿಕ್ಕಿಕೊಂಡಿದ್ದ ಗಾಳಿ ಹೊರಬೀಳುತ್ತಿದೆ. “ಹೂಂ, ಏನೋ ಆಗ್ತಿದೆ,” ಎಂದರು. ಅಷ್ಟು ಉದಾರವಾಗಿ ಅವರು ಗಂಡನೊಂದಿಗೆ ಮಾತನಾಡಿ ಬಹಳ ದಿನವಾಗಿತ್ತು.

ಗುಳ್ಳೆ ಅಡಗಿದ ಮೇಲೆ ರಾಯರು ಮತ್ತೆ ನೀಲಿ ಕಾಗದ ಅದ್ದಿದರು. ನೀಲಿಯಾಗಿಯೇ ಉಳಿಯಿತು. ಅಂದರೆ ಆಮ್ಲ ಪೂರಾ ಖಾಲಿ! ಎಲ್ಲಿ ಹೋಯಿತು? ಸುಣ್ಣವನ್ನು ತಿನ್ನುತ್ತ ತಾನೂ ಖರ್ಚಾಗಿದೆ, ಮತ್ತೇನು! ಸುಣ್ಣ ಸೋಲುತ್ತಿದೆ! ರಾಯರು ಅಂಗಡಿಗೆ ಓಡಿ ಇನ್ನಷ್ಟು ವಿನೆಗರ್ ಹೊತ್ತು ತಂದು ಸುರಿದರು.

ಊಟವಾಗಿ ಅವರು ನಡು ನೆಟ್ಟಗೆ ಮಾಡಿಕೊಳ್ಳಲು ಹೋದಾಗ ಹೆಂಡತಿ ಬಚ್ಚಲಿಗೆ ಹೋಗಿ ಇನ್ನೊಂದು ಸುತ್ತು ಸೋಡಾ ಸುರಿದರು. ಸ್ವಲ್ಪ ಹೊತ್ತು ಬಿಟ್ಟು ತಮ್ಮ ಕೈಚೀಲದಿಂದ ಕೆಂಪು ಲಿಟ್ಮಸ್ ಕಾಗದ ತೆಗೆದು ತೂಬಿನ ನೀರಿಗೆ ಅದ್ದಿದರು. ಕ್ಷಾರ ತಾಕಿದರೆ ನೀಲಿಯಾಗುವಂಥದು ಅದು. ಕೆಂಪಾಗಿಯೇ ಉಳಿಯಿತು. ಅಂದರೆ ಕ್ಷಾರವೆಲ್ಲ ಖರ್ಚಾಗಿದೆ! ಜಿಡ್ಡನ್ನು ಸಾಬೂನು ಮಾಡಿಬಿಟ್ಟಿದೆ! ಆಕೆ ಮಂದಹಾಸ ಬೀರುತ್ತ ಇನ್ನಷ್ಟು ಸೋಡಾ ಕಲಸಿದರು.

ಬೇರೆ ಯಾರ ಮನೆಯಲ್ಲಾದರೂ ಇದು ನಡೆಯುತ್ತಿರಲಿಲ್ಲ. ಸಾಮಾನ್ಯ ಜನ ಕಣ್ಣಂದಾಜಿಗೆ ಸುರಿಯುತ್ತಾರೆ. ಒಂದು ಹೆಚ್ಚಾಗಿ ಇನ್ನೊಂದು ಕಡಿಮೆಯಾಗಿ, ಉಳಿದದ್ದು ಏನಾದರೂ ಕೆಲಸ ಮಾಡಿಕೊಂಡಿರುತ್ತದೆ. ಇವರಿಬ್ಬರು ಅಳತೆಯ ಜನ. ಒಬ್ಬರು ಸುರಿದದ್ದನ್ನು ಇನ್ನೊಬ್ಬರು ಕೂದಲೆಳೆಯಷ್ಟೂ ಉಳಿಸದೆ ಸೊನ್ನೆ ಮಾಡುತ್ತಿದ್ದರು. ಇಬ್ಬರಿಗೂ ಪ್ರತಿ ಸಲ ತಾವು ಗೆದ್ದ ಪುರಾವೆ ಸಿಗುತ್ತಿತ್ತು. ಸಿಂಕಿನ ನೀರು ಮಾತ್ರ ಒಂದಂಗುಲವೂ ಇಳಿಯಲಿಲ್ಲ.

ಸಂಜೆ ಮಗಳು ಬಂದಾಗ ಸಿಂಕಿನ ಅಂಚಿನ ಸುತ್ತ ಬೆಳ್ಳಗೆ ಹರಳು ಕಟ್ಟಿತ್ತು.

“ಇದೇನಿದು?”

“ಸುಣ್ಣ! ಕರಗಿ ಹೊರಗೆ ಬಂದಿದೆ!” ಎಂದರು ರಾಯರು.

“ನಾನು ಏನೂ ಹೇಳಲ್ಲಪ್ಪ, ನನ್ನ ಸರದಿ ಅಲ್ಲ,” ಎಂದು ಹೆಂಡತಿ ಅರ್ಥಗರ್ಭಿತವಾಗಿ ನಕ್ಕರು.

ಮಗಳು ಒಂದು ಚಿಟಿಕೆ ಕೆರೆದು ಲೋಟದ ನೀರಿಗೆ ಹಾಕಿದಳು. ಕಣ್ಣು ಮಿಟುಕಿಸುವುದರೊಳಗೆ ಕರಗಿಹೋಯಿತು. “ಅಪ್ಪಾ, ಸುಣ್ಣ ಹೀಗೆ ಕರಗುತ್ತಾ?”

“ನೀನು ಕಾನೂನು ಓದು.”

“ಓದ್ತೀನಿ. ಆದ್ರೆ ಇಬ್ಬರ ಮುಖದ ಮೇಲೂ ಇಷ್ಟೊಂದು ಕಳೆ ಇದ್ರೆ, ಇಬ್ಬರಲ್ಲಿ ಒಬ್ಬರಾದ್ರೂ ಏನೋ ಮಾಡಿದೀರಿ.”

ಭಾನುವಾರ ಬೆಳಗಾಯಿತು. ಈಗ ಸೋಡಾ ಮೇಡಂ ಸರದಿ. ಇನ್ನು ಕದ್ದುಮುಚ್ಚಿ ಮಾಡುವ ಅಗತ್ಯವಿಲ್ಲದೆ, ಆಕೆ ಅಡುಗೆಮನೆಯಲ್ಲಿ ದೊಡ್ಡ ಪಾತ್ರೆಯ ತುಂಬ ಸೋಡಾ ಕುದಿಸತೊಡಗಿದರು. ರಾಯರು ಬಾಗಿಲಲ್ಲಿ ನಿಂತು ಅದನ್ನೇ ನೋಡಿದರು. ನಿನ್ನೆಯೆಲ್ಲ ತಿಂದು ಸವೆಸಿದ ಸುಣ್ಣ ಇನ್ನೇನು ಬಾಯಿ ಬಿಡುವ ಹೊತ್ತು, ಕೀರ್ತಿ ಮಾತ್ರ ಸೋಡಾದ ಪಾಲಾಗುವುದೇ? ಒಂದು ವೇಳೆ ಬಾಯಿ ಬಿಡದೆ ಹೋದರೆ? ಕೋಣೆ! ಚಿಲಕ! ಕಲ್ಲಿನ ಮೇಜು!

ಹಿಂದಿನ ಸಂಜೆಯೇ ಅವರು ಹಳೆಯ ಕಾರ್ಖಾನೆಗೆ ಹೋಗಿ, ನೀರು ಬೆರೆಸುವ ಮುಂಚಿನ ಬಿರುಸಾದ ವಿನೆಗರನ್ನು ಒಂದು ಕ್ಯಾನ್ ತಂದು ಮಂಚದ ಕೆಳಗೆ ಇಟ್ಟಿದ್ದರು. ಅದನ್ನು ಟವೆಲಿನಲ್ಲಿ ಸುತ್ತಿಕೊಂಡು, “ಸ್ನಾನಕ್ಕೆ ಹೋಗ್ತೀನಿ,” ಎಂದು ಬಚ್ಚಲು ಸೇರಿ ಚಿಲಕ ಹಾಕಿಕೊಂಡರು.

ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಬಗ್ಗಿಸಿದರು. ಬಚ್ಚಲಿನಲ್ಲಿ ಗಂಡ ಕ್ಯಾನ್ ಬಗ್ಗಿಸಿದರು. ಇಷ್ಟು ವರ್ಷದ ದಾಂಪತ್ಯದಲ್ಲಿ ಇಬ್ಬರೂ ಒಂದೇ ಕ್ಷಣದಲ್ಲಿ ಒಂದೇ ಕೆಲಸ ಮಾಡಿದ್ದು ಅದೇ ಮೊದಲು.

ಗೋಡೆ ಮೊದಲು ಗೊಣಗಿತು, ಆಮೇಲೆ ಗುಡುಗಿತು. ಬಚ್ಚಲಿನ ತೂಬಿನಿಂದ ಬಿಳಿಯ ನೊರೆ ಕಂಬದ ಹಾಗೆ ಎದ್ದಿತು! ನಿನ್ನೆಯಿಂದ ಬಿದ್ದಿದ್ದ ಸಾಬೂನಿನ ಪುಡಿಯೆಲ್ಲ ಈಗ ತನ್ನ ಜನ್ಮ ಸಾರ್ಥಕಪಡಿಸಿಕೊಳ್ಳುತ್ತಿತ್ತು. ರಾಯರು ಪಾದದಿಂದ ಒತ್ತಿದರು, ಬೆರಳ ಸಂದುಗಳಿಂದ ನುಗ್ಗಿತು. ಟವೆಲ್ ತುರುಕಿದರು, ಉಗುಳಿತು. ಕೊನೆಗೆ ಬಕೆಟ್ಟನ್ನು ತೂಬಿನ ಮೇಲೆ ಬೋರಲು ಹಾಕಿ, ಅದರ ಮೇಲೆ ತಾವೇ ಕುಳಿತರು. ಬಕೆಟ್ ಗಡಗಡ ನಡುಗತೊಡಗಿತು. ಅದರ ಜೊತೆಗೆ ರಾಯರೂ.

ಅಷ್ಟರಲ್ಲಿ ಹೊರಗೆ ಬಾಗಿಲ ಗಂಟೆ ಬಾರಿಸಿತು. ಬಳಿಕ ಬಂದೀಖಾನೆಯ ಪ್ರಾಂಗಣವನ್ನು ತುಂಬಬಲ್ಲಂಥ ಸ್ವರ: “ಎಲ್ಲಿ ನಿಮ್ಮ ಅಪ್ಪ ಅಮ್ಮ? ಸ್ವಲ್ಪ ಬೇಗನೇ ಬಂದೆ. ಮೊದಲೇ ತಿಳಿಸಿ ಬಂದ್ರೆ ತಪಾಸಣೆ ಹೇಗಾಗುತ್ತೆ?”

ಹೆಜ್ಜೆಗಳು ಅಡುಗೆಮನೆಗೆ ಹೋದವು. ರಾಯರು ಉಸಿರು ಬಿಗಿಹಿಡಿದು ಕಿವಿಗೊಟ್ಟರು.

“ಇದೇನಮ್ಮ, ಸಿಂಕನ್ನ ತಬ್ಕೊಂಡು ಮಲಗಿದೀರಿ?”

“ಬೆ... ಬೆನ್ನು ಹಿಡ್ಕೊಂಡಿದೆ!” ಎಂದಿತು ಹೆಂಡತಿಯ ಧ್ವನಿ. ಸಿಂಕಿನ ಬಾಯಿಗೆ ರಬ್ಬರ್ ಬಿರಡೆ ತುರುಕಿ, ಅದರ ಮೇಲೆ ಮಣೆಯಿಟ್ಟು, ಮಣೆಯ ಮೇಲೆ ತಮ್ಮ ಸಮಸ್ತ ಭಾರವನ್ನೂ ಹಾಕಿ ಆಕೆ ಒತ್ತಿಹಿಡಿದಿದ್ದರು. “ಅಲ್ಲಾಡಿದ್ರೆ ಪ್ರಾಣ ಹೋಗುತ್ತೆ!”

“ಹಾಗಾದ್ರೆ ಬಚ್ಚಲು ನೋಡ್ಕೊಂಡು ಬರ್ತೀನಿ.”

ಬಚ್ಚಲಿನ ಬಾಗಿಲ ಮೇಲೆ ಮೂರು ಸಲ ಕುಟ್ಟಿದ ಸದ್ದಾಯಿತು.

“ರಾಯರೇ, ಬಾಗಿಲು ತೆಗೀರಿ.”

“ಸ್ನಾನ ಮಾಡ್ತಿದೀನಿ!”

“ನೀರಿನ ಸದ್ದೇ ಇಲ್ಲ?”

“ಸೋಪು... ಸೋಪು ಹಚ್ಕೊಳ್ತಿದೀನಿ!” ನೊರೆ ಅವರ ಮೊಣಕಾಲಿಗೆ ಬಂದಿದ್ದರಿಂದ ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

“ಬಾಗಿಲ ಕೆಳಗಿಂದಲೂ ಬರ್ತಿದೆಯಲ್ಲ ಸೋಪು!”

“ನಂಗೆ ಜಾಸ್ತಿ ಬೇಕು!”

ಆಮೇಲೆ ಮನೆಯೊಡತಿ ಮಗಳೊಂದಿಗೆ ಮಾತನಾಡುವುದು ಕೇಳಿಸಿತು. “ನೋಡಮ್ಮ, ನನ್ನ ಅನುಭವದಲ್ಲಿ ಹೇಳ್ತೀನಿ. ಬೇರೆ ಬೇರೆ ಕೋಣೇಲಿರೋ ಇಬ್ಬರು ಒಂದೇ ಹೊತ್ತಿಗೆ ಕೂತ ಜಾಗ ಬಿಟ್ಟು ಏಳಲ್ಲ ಅಂದ್ರೆ, ಸುರಂಗ ತೋಡ್ತಿದಾರೆ ಅಂತ ಅರ್ಥ.”

ಒಂದು ಬಾಯಿಯನ್ನು ಹೆಂಡತಿ ಮುಚ್ಚಿದ್ದರು, ಇನ್ನೊಂದನ್ನು ಗಂಡ. ಒಳಗೆ ಸಿಕ್ಕಿಬಿದ್ದ ಅನಿಲ ಎಲ್ಲಿಗೆ ಹೋಗಬೇಕು? ಉಳಿದದ್ದು ಒಂದೇ ದಾರಿ. ಗೋಡೆಯೊಳಗೆ ಢಂ ಎಂದಿತು! ಬಕೆಟ್ ರಾಯರನ್ನು ಗೇಣುದ್ದ ಮೇಲೆತ್ತಿ ಮತ್ತೆ ಕೆಳಗಿಳಿಸಿತು. ಢಂ ಎಂಬ ಸದ್ದು ಗೋಡೆಗುಂಟ ಗಡಗಡನೆ ಇಳಿದುಹೋಗಿ, ಅಂಗಳದಲ್ಲಿ ಏನೋ ಕಬ್ಬಿಣದ್ದು ಹಾರಿ ಬಿದ್ದು ಉರುಳಾಡಿದ್ದು ಕೇಳಿಸಿತು. ಆಮೇಲೆ ಕಾಲಬುಡದಲ್ಲಿ ಗಳಗಳಗಳ ಎಂಬ ಸುಮಧುರ ನಾದ. ನೊರೆ ಮೊಣಕಾಲಿನಿಂದ ಮೀನಖಂಡಕ್ಕೆ, ಮೀನಖಂಡದಿಂದ ಪಾದಕ್ಕೆ ಇಳಿದು ಮಾಯವಾಯಿತು.

ರಾಯರು ಬಾಗಿಲು ತೆಗೆದರು.

ಮನೆಯೊಡತಿ ಅವರನ್ನು ಅಡಿಯಿಂದ ಮುಡಿಯತನಕ ನೋಡಿದರು. “ಪ್ಯಾಂಟು ಶರ್ಟು ಹಾಕ್ಕೊಂಡೇ ಸ್ನಾನ ಮಾಡ್ತೀರಾ?”

“ಎರಡೂ ಒಗೆದ ಹಾಗಾಗುತ್ತೆ,” ಎಂದರು ರಾಯರು ಕ್ಷೀಣ ಸ್ವರದಲ್ಲಿ.

ಆಕೆ ಬಕೆಟ್ ಎತ್ತಿಕೊಂಡು ನೀರು ತುಂಬಿ ಬಚ್ಚಲಿಗೆ ಸುರಿದರು. ತಲೆ ಓರೆ ಮಾಡಿದರು. ಅಡುಗೆಮನೆಗೆ ಹೋಗಿ ಸಿಂಕಿಗೆ ಸುರಿದರು. ಮತ್ತೆ ತಲೆ ಓರೆ. ಮನೆಯವರೆಲ್ಲ ಉಸಿರು ನಿಲ್ಲಿಸಿ ಆ ತಲೆಯನ್ನೇ ನೋಡುತ್ತಿದ್ದರು.

“ಚೆನ್ನಾಗಿ ಇಳೀತಿದೆ.”

ರಾಯರ ಎದೆಯ ಮೇಲಿನ ಕಲ್ಲು ಇಳಿಯಿತು. ಇಳಿದ ಕಲ್ಲಿನ ಜಾಗದಲ್ಲಿ ಕೂಡಲೇ ಜಂಬ ಬಂದು ಕುಳಿತಿತು. ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೂ ಮುಚ್ಚಿಹೋಗುತ್ತಿತ್ತು. ಆದರೆ ರಾಯರು ಹೆಂಡತಿಯ ಕಡೆ ತಿರುಗಿ ಪಿಸುಗುಟ್ಟಿದರು. “ನೋಡಿದ್ಯಾ, ನನ್ನ ಆಮ್ಲದ ತಾಕತ್ತು?”

“ನಿಮ್ಮ ಆಮ್ಲವಾ!” ಹೆಂಡತಿ ಪಿಸುಗುಟ್ಟಲಿಲ್ಲ. “ನಿನ್ನೆಯಿಂದ ಬಚ್ಚಲಿಗೆ ಸೋಡಾ ಸುರಿದೂ ಸುರಿದೂ ಕೈ ಸೋತಿರೋಳು ನಾನು!”

“ನಿನ್ನೆಯಿಂದ?” ಎಂದಳು ಮಗಳು.

“ನಿನ್ನೆಯಿಂದ?” ಎಂದರು ರಾಯರು. “ನನ್ನ ಸರದೀಲಿ? ನನ್ನ ಬೆನ್ನ ಹಿಂದೆ? ಇವತ್ತು ಬೆಳಿಗ್ಗೆ ಒಂದು ಕ್ಯಾನ್ ವಿನೆಗರ್ ಸುರಿಯೋವಾಗ ನನ್ನ ಮನಸ್ಸು ಎಷ್ಟು ಅಳುಕಿತ್ತು ಗೊತ್ತಾ?”

ಮಗಳು ಕಣ್ಣು ಮುಚ್ಚಿದಳು, ತೆರೆದಳು. ನ್ಯಾಯಾಲಯ ಶುರುವಾಯಿತು.

“ಅಮ್ಮಾ, ಆಮ್ಲಕ್ಕೆ ಕ್ಷಾರ ಸೇರಿದ್ರೆ ಏನಾಗುತ್ತೆ?”

“ಲವಣ,” ಎಂದರು ತಾಯಿ ನೆಲ ನೋಡುತ್ತ.

“ಅಪ್ಪಾ, ಇನ್ನೇನು?”

“ನೀರು.”

“ಅಂದ್ರೆ ನಿನ್ನೆಯಿಂದ ನೀವಿಬ್ಬರೂ ಕಷ್ಟಪಟ್ಟು ಈ ಪೈಪಿಗೆ ಹಾಕಿದ್ದೇನು?”

ಇಬ್ಬರೂ ಒಟ್ಟಿಗೆ ಬಾಯಿ ತೆರೆದರು. “ಉಪ್ಪುನೀರು.”

“ಆದ್ರೆ ಅನಿಲ ಬಂದಿದ್ದು ನನ್ನ ಸೋಡಾದಿಂದ,” ಎಂದು ಹೆಂಡತಿ ತಲೆಯೆತ್ತಿದರು.

“ಅದನ್ನ ಹೊರಗೆ ಎಳೆದಿದ್ದು ನನ್ನ ಆಮ್ಲ!”

“ಸಾಕು,” ಎಂದರು ಮನೆಯೊಡತಿ. “ಕೆಳಗೆ ಬನ್ನಿ. ನನ್ನ ಅಂಗಳಕ್ಕೆ ಏನು ಬಂದಿದೆ ನೋಡೋಣ. ಸುಣ್ಣವೋ, ಜಿಡ್ಡೋ.”

ಅಂಗಳದ ತುಂಬ ನೊರೆ ಹರಡಿತ್ತು. ಗುಂಡಿಯ ಕಬ್ಬಿಣದ ಮುಚ್ಚಳ ಗೋಡೆಗೆ ಒರಗಿ ಬಿದ್ದಿತ್ತು. ತೆರೆದ ಗುಂಡಿಯ ನಡುವಿನಿಂದ, ಅನಿಲ ತುಂಬಿ ಉಬ್ಬಿದ ಐದು ಬೆರಳುಗಳನ್ನು ನೆಟ್ಟಗೆ ನಿಗುರಿಸಿಕೊಂಡು, ವಾಹನಗಳನ್ನು ತಡೆಯುವ ಪೊಲೀಸಿನವನ ಹಾಗೆ ಒಂದು ಹಳದಿ ಕೈ ಮೇಲೆದ್ದು ನಿಂತಿತ್ತು.

ರಬ್ಬರ್ ಗವಸು!

ಆಮ್ಲಕ್ಕೆ ಕರಗದು, ಕ್ಷಾರಕ್ಕೆ ಸವೆಯದು; ಪ್ರಯೋಗಾಲಯದವರು ಅದನ್ನು ಹಾಕಿಕೊಳ್ಳುವುದೇ ಆ ಕಾರಣಕ್ಕೆ. ಒಂದು ಸಮುದ್ರದಷ್ಟು ವಿನೆಗರ್, ಒಂದು ಬೆಟ್ಟದಷ್ಟು ಸೋಡಾ ಸುರಿದಿದ್ದರೂ ಅದು ಪೈಪಿನೊಳಗೆ ಹಾಯಾಗಿ ಮಲಗಿರುತ್ತಿತ್ತು. ಮನೆಯೊಡತಿ ಅದನ್ನು ಕಡ್ಡಿಯ ತುದಿಯಿಂದ ಎತ್ತಿದರು. ಮಣಿಕಟ್ಟಿನ ಬಳಿ ಅಳಿಸದ ಶಾಯಿಯಲ್ಲಿ, ರಾಯರದೇ ದುಂಡು ಅಕ್ಷರಗಳಲ್ಲಿ ಬರೆದಿತ್ತು: “ಮುಖ್ಯಸ್ಥರು.”

ರಾಯರು ಹೆಂಡತಿಯ ಕಡೆ ನೋಡಲಿಲ್ಲ. ನೋಡದಿದ್ದರೂ ಆ ನಗು ಎಷ್ಟು ಅಗಲವಿದೆಯೆಂದು ಅವರಿಗೆ ಗೊತ್ತಾಗುತ್ತಿತ್ತು.

“ಬುಡ್ಡಿ ತೊಳೆಯೋಕೆ ಅಡುಗೆಮನೆ ಸಿಂಕಿಗೆ ಬಂದಿದ್ರಾ ಯಾವತ್ತಾದ್ರೂ?” ಎಂದು ಹೆಂಡತಿ ಜೇನಿನಂಥ ದನಿಯಲ್ಲಿ ಕೇಳಿದರು.

“ಒಂದ್ಸಲ,” ಎಂದರು ರಾಯರು.

ಮನೆಯೊಡತಿ ಮೇಲೆ ಬಂದು ಮೇಜಿನ ಮುಂದೆ ಕುಳಿತು ಕರಾರಿನ ಕಾಗದ ಬಿಡಿಸಿದರು. “ನನ್ನ ಷರತ್ತು ನೀರು ಇಳೀಬೇಕು ಅಂತ. ಇಳಿದಿದೆ. ಆದ್ದರಿಂದ ಮನೆ ಖಾಲಿ ಮಾಡಿ ಅನ್ನೋ ಹಾಗಿಲ್ಲ. ಆದ್ರೆ ನಿಮ್ಮಿಬ್ಬರನ್ನ ನಂಬಿ ನನ್ನ ಪೈಪು ಬಿಟ್ಟುಕೊಡೋ ಹಾಗೂ ಇಲ್ಲ. ನಿಮ್ಮಿಬ್ಬರನ್ನ ಕೂಡಿಸಿ ನೋಡಿದ್ರೆ ಈ ಮನೇಲಿ ತಲೆ ನೆಟ್ಟಗಿರೋಳು ಇವಳೊಬ್ಬಳೇ ಉಳೀತಾಳೆ. ಕರಾರು ಇವಳ ಹೆಸರಿಗೆ.”

ಮಗಳು ಒಂದೊಂದು ಸಾಲನ್ನೂ ಓದಿ, ಎರಡು ಕಡೆ ಅಲ್ಪವಿರಾಮ ತಿದ್ದಿಸಿ, ಸಹಿ ಹಾಕಿದಳು. ಮನೆಯೊಡತಿ ಅವಳ ಕೈ ಕುಲುಕಿ ಕೆಳಗಿಳಿದುಹೋದರು.

ರಾಯರಿಗೆ ಜೀವ ಬಂತು. ಯಾರ ಹೆಸರಿಗಾದರೇನು, ಮನೆ ಉಳಿಯಿತಲ್ಲ! ಒದ್ದೆ ಪ್ಯಾಂಟಿನಲ್ಲೇ ತಮ್ಮ ಕೋಣೆಯ ಕಡೆಗೆ ಹೊರಟರು. ಕೋಣೆಯ ಬಾಗಿಲಲ್ಲಿ ಮಗಳು ನಿಂತಿದ್ದಳು.

“ಏನು ಬೇಕಿತ್ತು?”

“ಏನು ಬೇಕಿತ್ತು ಅಂದ್ರೆ? ಇದು ನನ್ನ ಕೋಣೆ!”

“ಕಾಗದ ನೋಡಿ. ಸದ್ಯಕ್ಕೆ ಎಲ್ಲಾ ಕೋಣೆಗಳೂ ನನ್ನವು. ಬಾಡಿಗೆದಾರರನ್ನ ಇಟ್ಕೊಳ್ಳೋ ಮುಂಚೆ ಒಂದೆರಡು ಪ್ರಶ್ನೆ ಕೇಳ್ಬೇಕು. ಅಮ್ಮಾ, ನೀವೂ ಬನ್ನಿ. ಇಬ್ಬರೂ ಕೂತ್ಕೊಳ್ಳಿ.”

ಇಬ್ಬರೂ ಬಾಲ್ಕನಿಯ ಬೆಂಚಿನ ಮೇಲೆ ಒತ್ತಿಕೊಂಡು ಕುಳಿತರು.

“ನೀವು ಎಂಥ ಜನ?”

“ಸಾಧು ಜನ ಕಣಮ್ಮ,” ಎಂದರು ರಾಯರು.

“ತುಂಬಾ ಸಾಧು,” ಎಂದರು ಹೆಂಡತಿ. ಅಷ್ಟು ಒಮ್ಮತ ಆ ಮನೆಯಲ್ಲಿ ಹಿಂದೆಂದೂ ಇರಲಿಲ್ಲ.

“ನಿಮ್ಮ ಬಗ್ಗೆ ಒಳ್ಳೇ ಮಾತು ಹೇಳೋರು ಯಾರಾದ್ರೂ ಇದಾರಾ?”

ರಾಯರು ಹೆಂಡತಿಯ ಮುಖ ನೋಡಿದರು. ಹೆಂಡತಿ ರಾಯರ ಮುಖ ನೋಡಿದರು. ಇಬ್ಬರೂ ಬೀದಿಯ ಕಡೆ ನೋಡತೊಡಗಿದರು.

ಮಗಳು ನಿಟ್ಟುಸಿರಿಟ್ಟಳು. “ಹೋಗಲಿ ಬಿಡಿ. ಒಂದು ತಿಂಗಳ ಮಟ್ಟಿಗೆ ಇಟ್ಕೊಂಡು ನೋಡ್ತೀನಿ.”

“ನಿನ್ನ ಉಪಕಾರ ಮರೆಯಲ್ಲ ತಾಯಿ!” ಎಂದು ಇಬ್ಬರೂ ಒಟ್ಟಿಗೆ ಎದ್ದು ನಿಂತರು.

“ಸ್ವಲ್ಪ ತಾಳಿ,” ಎಂದಳು ಮಗಳು. “ಇಬ್ಬರನ್ನೂ ಇಟ್ಕೊಳ್ತೀನಿ ಅಂತ ನಾನೆಲ್ಲಿ ಹೇಳಿದೆ?”